ಮೊಣಕೈ

ಮಾಘದ ಗಾಳಿ ಮಾರ್ಕೆಟ್ಟಿನ ಕಡೆಯಿಂದ ತಿರುಗಿದರೆ
ಬ್ಯಾಡಗಿಯ ನಮ್ಮ ಶಾಲೆಯಲ್ಲಿ ಮೊದಲು ಸೀನುವವನು ಗುಡ್ಡಪ್ಪ,
ಆಮೇಲೆ ಸಾಲಾಗಿ ಹದಿನೇಳು ಮಂದಿ.
ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತದೆ.
"ಕೆಂಪು ಬಂತ್ರೀ ಟೀಚರ್" ಅನ್ನುತ್ತಾಳೆ ಮಾಬುಬಿ.
ಬಣ್ಣದ ಪಾಠ ಮಾಡಿದವಳು ನಾನಲ್ಲ.
ಲಾರಿಯಿಂದ ಉದುರಿದ ಕಾಯಿಯ ಸುಕ್ಕು ಸವರಿ
ಇದು ಡಬ್ಬಿ, ಇದು ಕಡ್ಡಿ ಎಂದು ವಿಂಗಡಿಸುವುದನ್ನೂ
ನಾನು ಕಲಿಸಿಲ್ಲ.

ನಾನು ಕಲಿಸುವುದು ಆರು ಚುಕ್ಕಿ.
ಹಾಳೆಯ ಬೆನ್ನಿಗೆ ಚುಚ್ಚಬೇಕು, ಬಲದಿಂದ ಎಡಕ್ಕೆ;
ಮಗುಚಿ ಓದಬೇಕು, ಎಡದಿಂದ ಬಲಕ್ಕೆ.
ಅ ಅಂದರೆ ಒಂದೇ ಚುಕ್ಕಿ, ಮೇಲಿನ ಮೂಲೆಯಲ್ಲಿ.
ಅವ್ವ ಶುರುವಾಗುವುದೂ ಅಲ್ಲಿಂದಲೇ.
ಫಕ್ಕೀರೇಶ ಹೊಸದಾಗಿ ಬಂದಾಗ
ಆ ಒಂದು ಚುಕ್ಕಿಯನ್ನು ಎಷ್ಟು ಒತ್ತುತ್ತಿದ್ದನೆಂದರೆ
ಹಾಳೆ ತೂತಾಗುತ್ತಿತ್ತು.
ತೂತನ್ನು ಓದಲು ಬರುವುದಿಲ್ಲ, ಹುಡುಗಾ,
ಉಬ್ಬನ್ನು ಮಾತ್ರ.

ಅವನ ಅವ್ವ ಗುತ್ತೆವ್ವ
ದಲಾಲರ ಅಂಗಡಿಯ ಹಿಂದೆ ಕೂತು
ಮೆಣಸಿನಕಾಯಿಯ ತುಂಬು ಬಿಡಿಸುತ್ತಾಳೆ, ಕಿಲೋಕ್ಕೆ ಇಷ್ಟೆಂದು.
ರವಿವಾರ ಬರುತ್ತಾಳೆ.
ನಳದ ಕೆಳಗೆ ಬೂದಿ ಹಚ್ಚಿ, ಹುಣಸೆ ಹಚ್ಚಿ,
ನನ್ನ ಸೋಪನ್ನೂ ಸವೆಸಿ,
ಆದರೂ ಆ ಕೈಗಳನ್ನು ನಂಬದೆ ಸೆರಗಿನಲ್ಲಿ ಸುತ್ತಿಟ್ಟುಕೊಂಡು
ಮಗನ ಕೆನ್ನೆಯನ್ನು ಮೊಣಕೈಯಿಂದ ಸವರುತ್ತಾಳೆ.
ತೊಟ್ಟಿಲಿನಿಂದಲೂ ಹಾಗೇ.
ಅವನಿಗೆ ಅವ್ವ ಎಂದರೆ ಮೊಣಕೈ:
ಒರಟು ಚರ್ಮ, ನಡುವೆ ಗುಂಡನೆಯ ಎಲುಬು.
ಒಂದೇ ಚುಕ್ಕಿ.
ಬೇರೆ ತಾಯಂದಿರ ಅಂಗೈ ತಾಗಿದರೆ
ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ದಸರೆಯ ರಜೆ ಮುಗಿದ ಮೇಲೆ ಬರೆಯಲು ಹಿಡಿದ,
ವಾರಕ್ಕೊಂದು ಕಾಗದ. ಪೋಸ್ಟಿಗೆ ಹಾಕುವಂತಿಲ್ಲ;
ಅವಳ ಓಣಿಯಲ್ಲಿ ಚುಕ್ಕಿ ಓದುವವರು ಯಾರು?
ಅವಳ ಕೈಗೇ ಕೊಡುತ್ತಾನೆ.
ಅವಳು ಎಲೆಅಡಿಕೆಯ ಸಂಚಿಯಲ್ಲಿ ಮಡಚಿಟ್ಟುಕೊಂಡು
ಮುಂದಿನ ರವಿವಾರ ಅವನ ಹತ್ತಿರವೇ ತರುತ್ತಾಳೆ:
"ಏನ ಬರದೀಯೋ, ಓದಿ ಹೇಳು."
ಬೇವಿನ ಕಟ್ಟೆಯ ಮೇಲೆ ಕೂತು ಓದುತ್ತಾನೆ:
"ನಾ ಆರಾಮ ಅದೀನಿ. ದಿನಾ ರೊಟ್ಟಿ, ಮಂಗಳವಾರ ಹುಗ್ಗಿ.
ಮಾಬುಬಿ ಹಾಡ ಕಲಿಸ್ಯಾಳ. ಇಲ್ಲೆ ಛಲೋ ಐತಿ."

ನಾನು ಕಣ್ಣಿಂದ ಓದುವವಳು, ಚುಕ್ಕಿಯ ನೆರಳನ್ನು.
ಇಳಿಬಿಸಿಲಿಗೆ ಹಾಳೆ ಓರೆಯಾದರೆ
ಅವನ ಹೆಗಲ ಮೇಲಿಂದಲೇ ಕಾಣುತ್ತದೆ.
ಅದರಲ್ಲಿ ಹುಗ್ಗಿ ಇರಲಿಲ್ಲ.
"ಅವ್ವಾ, ರಾತ್ರಿ ನನ್ನ ಹಾಸಿಗಿ ಹಸಿ ಆಗತೈತಿ.
ಎಲ್ಲಾರೂ ನಗತಾರ. ಕರಕೊಂಡು ಹೋಗು."
ಬೆರಳು ಆ ಸಾಲಿನ ಮೇಲೆಯೇ ತಪ್ಪದೆ ಸರಿಯುತ್ತಿತ್ತು,
ಬಾಯಿ ಮಾತ್ರ ಹುಗ್ಗಿಗೆ ತುಪ್ಪ ಹಾಕುತ್ತಿತ್ತು.

ಹೇಳಬೇಕಿತ್ತೇನೋ.
ಹದಿನಾಲ್ಕು ವರ್ಷ ತಪ್ಪು ಅಕ್ಷರ ತಿದ್ದಿದವಳು ನಾನು,
ಅಲ್ಲಿ ಒಂದೂ ತಪ್ಪಿರಲಿಲ್ಲ.
ಅವತ್ತಿನಿಂದ ರಾತ್ರಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ
ಅವನೊಬ್ಬನನ್ನೇ ಮೆಲ್ಲಗೆ ಎಬ್ಬಿಸುತ್ತೇನೆ.
ಯಾಕೆಂದು ಅವನು ಕೇಳಿಲ್ಲ.

ಮೊನ್ನೆಯ ರವಿವಾರ ಆವಕದ ಭರ,
ಮಧ್ಯಾಹ್ನದವರೆಗೂ ತುಂಬು ಬಿಡಿಸಿ ಬಂದಿದ್ದಳು.
ಸಂಚಿಯಿಂದ ತೆಗೆದ ಕಾಗದದ ಮಡಿಕೆಯಲ್ಲಿ
ಸಣ್ಣಗೆ ಕೆಂಪು ಪುಡಿ.
ಮೂರನೆಯ ಸಾಲಿಗೆ ಬೆರಳು ನಿಂತಿತು.
ಅಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ,
ಬಿಸಿಲು ಕಟ್ಟೆಯಿಂದ ಇಳಿದು ಹೋಗಿತ್ತು.
ಆರಾಮ ಅದೀನಿ ಎಂದ. ಮತ್ತೆ, ಆರಾಮ ಅದೀನಿ.
ಕಣ್ಣು ಉಜ್ಜಿಕೊಂಡ.
ಬೆಳಕು ಹೊಗದ ಕಣ್ಣಿಗೆ ಖಾರ ಹೊಕ್ಕಿತು,
ದಳದಳ ನೀರು.
"ಅಳಾಕ ಹತ್ತಿಯೇನೋ?"
"ಇಲ್ಲಬೇ. ಖಾರ."

ಗುತ್ತೆವ್ವ ತನ್ನ ಸೆರಗು ಎತ್ತಿದಳು, ಮೂಸಿದಳು, ಬಿಟ್ಟಳು.
"ಟೀಚರ್, ನಿಮ್ಮ ಸೆರಗ ಕೊಡ್ರಿ ಒಂದೀಟು."
ತನ್ನ ಬೆರಳು ತಾಗದಂತೆ ನನ್ನಿಂದಲೇ ಉಂಡೆ ಕಟ್ಟಿಸಿ,
ಅದಕ್ಕೆ ಬಾಯಿಟ್ಟು ಬಿಸಿ ಉಸಿರು ಊದಿ,
ಅವನ ಕಣ್ಣ ಮೇಲಿಟ್ಟು
ಮೊಣಕೈಯಿಂದ ಒತ್ತಿದಳು,
ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ,
ಮತ್ತೆ ಮೊದಲಿನದಕ್ಕೆ.
ನಾನು ಬಗ್ಗಿಯೇ ನಿಂತಿದ್ದೆ,
ಸೆರಗಿನ ಉದ್ದದಷ್ಟೇ ದೂರದಲ್ಲಿ.
ಹಾಳೆ ಅವನ ತೊಡೆಯ ಮೇಲೆ ತೆರೆದೇ ಇತ್ತು.