ಎರಡನೆಯ ಡ್ರಾಯರು

ಇಗೋ ಬೀಗದ ಕೈ, ಇಮೋಜನ್.
ಮೊದಲ ಡ್ರಾಯರು ಕಾಲೇಜಿನದು:
ಮೊಹರು, ಅರ್ಜಿ, ನಿಯಮಗಳ ಕಂತೆ.
ಎರಡನೆಯದು ನನ್ನದಾಗಿತ್ತು. ಇನ್ನು ನಿನ್ನದು.
ಸ್ವಲ್ಪ ಎತ್ತಿ ಎಳೆಯಬೇಕು, ಹಟಮಾರಿ.

ಒಳಗಿರುವುದಕ್ಕೆ ಲೆಕ್ಕ ಕೇಳುವವರಿಲ್ಲ.
ನಾಲ್ಕು ಬಸ್ ಪಾಸು, ಕಡ್ಲೆಬೀಜದ ಬಿಸ್ಕತ್ತು,
ಇಂಟರ್‌ವ್ಯೂಗೆ ಎರವಲು ಕೊಡುವ ಒಂದು ಕಪ್ಪು ಟೈ.
ಅದರ ಗಂಟು ಬಿಚ್ಚಬೇಡ.
ಕಟ್ಟಲು ಬಾರದ ಹುಡುಗರು
ಹಾಗೇ ಕೊರಳಿಗೆ ಇಳಿಸಿಕೊಳ್ಳುತ್ತಾರೆ.
"ನನಗೆ ಬರುವುದಿಲ್ಲ" ಎಂಬ ಮಾತನ್ನು
ದಿನಕ್ಕೆ ಹತ್ತು ಸಲ ಅವರ ಬಾಯಿಂದ ಹೊರಡಿಸುತ್ತದೆ ಈ ಕಟ್ಟಡ;
ಹನ್ನೊಂದನೆಯದು ಬೇಡ.

ಎಲೆಯುತೇರಿಯಾ ಬಂದ ದಿನ ಇನ್ನೂ ಕಣ್ಣಲ್ಲಿದೆ.
ಬಾಗಿಲಲ್ಲೇ ನಿಂತಿದ್ದಳು, ಬ್ಯಾಗು ಎದೆಗವಚಿ.
ಕೆಮಿಸ್ಟ್ರಿಯಲ್ಲಿ ಮುಳುಗುತ್ತಿದ್ದೇನೆ ಅಂದಳು.
ಮೇಷ್ಟರನ್ನು ಆಫೀಸ್ ಅವರ್ಸಿನಲ್ಲಿ ಕಾಣಲಿಲ್ಲವೇ ಎಂದೆ.
"ಅದು ಅವರು ಕೆಲಸ ಮಾಡುವ ಹೊತ್ತಲ್ಲವೇ?
ತೊಂದರೆ ಆಗಬಾರದು ಅಂತ
ಆ ಎರಡು ಗಂಟೆ ಮಾತ್ರ ಆ ಕಡೆ ಸುಳಿಯಲಿಲ್ಲ."

ನಗಬೇಡ. ನಾನೂ ನಗಲಿಲ್ಲ.
ನನ್ನಪ್ಪ ಮರದ ಮಿಲ್ಲಿನವನು.
ನಲವತ್ತೈದು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ
ಸಿಲಬಸ್ ಅಂದರೆ ಯಾವುದೋ ಕಾಯಿಲೆ ಎಂದುಕೊಂಡವಳು ನಾನು.

ಅವಳಪ್ಪ ಫಿದೆನ್ಸಿಯೊ. ಮನೆಯಲ್ಲಿ ಮಿಶ್ಟೆಕ್,
ತೋಟದಲ್ಲಿ ಹರಕು ಸ್ಪ್ಯಾನಿಷ್, ಇಂಗ್ಲಿಷಿನಲ್ಲಿ ಬರೀ "ಓಕೆ".
ಸೇಬಿನ ಏಣಿಯ ಮೇಲೆ ಇಪ್ಪತ್ತು ಸುಗ್ಗಿ ಕಳೆದವನು.
ಚಳಿಗಾಲದಲ್ಲಿ ಕೊಂಬೆ ಸವರುವ ಕೆಲಸವೂ ಸಿಗದ ದಿನ
ಯಾಕಿಮಾ ನದಿಯ ದಂಡೆಗುಂಟ ನಲವತ್ತು ಮೈಲಿ
ಮಗಳನ್ನು ಪಿಕಪ್ಪಿನಲ್ಲಿ ತಂದು ಬಿಟ್ಟು
ಸಂಜೆಯವರೆಗೆ ಪಾರ್ಕಿಂಗಿನಲ್ಲೇ ಕಾಯುತ್ತಿದ್ದ,
ಎಂಜಿನ್ ಆರಿಸಿ, ಕಂಬಳಿ ಹೊದ್ದು. ಪೆಟ್ರೋಲು ಉಳಿಯಲಿ ಅಂತ.
ಎರಡು ವರ್ಷ. ಅವನ ಪಾಲಿಗೆ ಕಾಲೇಜೆಂದರೆ
ಎರಡು ಬಿಳಿ ಗೆರೆಗಳ ನಡುವಿನ ಜಾಗ, ಸಿ ಸಾಲಿನ ಕೊನೆ.

ಫೆಬ್ರುವರಿಯ ಒಂದು ದಿನ ಗಾಜು ತಟ್ಟಿದೆ.
ಗಾಬರಿಯಲ್ಲಿ ಮೊದಲು ಲೈಸೆನ್ಸು ತೆಗೆದ.
ಅಲ್ಲ, ಕಾಫಿ, ಎಂದೆ ಕೈಸನ್ನೆಯಲ್ಲಿ.
ಹೊಸ್ತಿಲಲ್ಲಿ ಬೂಟು ಬಿಚ್ಚಹೊರಟವನನ್ನು ತಡೆದು
ಲೈಬ್ರರಿಯ ಮೂರನೇ ಮಹಡಿಗೆ ಕರೆದೊಯ್ದೆ.
ದೂರದಿಂದಲೇ ತೋರಿಸಿದೆ:
ಅಗೋ, ಕಿಟಕಿ ಪಕ್ಕ, ಬೆನ್ನು ಮಾಡಿ ಕೂತವಳು.
ಅವಳಿಗೆ ಗೊತ್ತಾಗಲಿಲ್ಲ. ಅವನು ಹೋಗಿ ಮಾತಾಡಿಸಲಿಲ್ಲ.
ಪುಟ ತಿರುವುವ ಕೈಯನ್ನೇ ನೋಡುತ್ತ ನಿಂತ,
ಕಾಯಿ ಹಣ್ಣಾಯಿತೇ ಎಂದು
ಮುಟ್ಟದೆ ನೋಡುವವನ ಹಾಗೆ.

ಹೌದು, ಡಿಗ್ರಿ ಸಿಕ್ಕಿತು ಅವಳಿಗೆ.
ಈಗ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಳೆ.
ಫೋಟೊ ಗೋಡೆಯ ಮೇಲಿದೆ, ಅಂಕಿ ವರದಿಯಲ್ಲಿದೆ;
ಅದೆಲ್ಲ ಮೊದಲ ಡ್ರಾಯರಿನ ವಿಷಯ.

ಎರಡನೆಯದರ ತಳದಲ್ಲಿ, ಟೈಯ ಕೆಳಗೆ,
ಹಸಿರು ರಟ್ಟಿನ ಕಡತ. ಅವಳ ತಮ್ಮ, ಅಬುಂದಿಯೊ.
ಅಕ್ಕನಿಗಿಂತ ಚುರುಕು. ಲೆಕ್ಕ ಬಾಯಲ್ಲೇ ಬಿಡಿಸುತ್ತಿದ್ದ.
ಅಪ್ಪ ಏಣಿಯಿಂದ ಬಿದ್ದ ಸೆಪ್ಟೆಂಬರಿನಲ್ಲಿ
ಅದೇ ಏಣಿ ಹತ್ತಿದ. ಮೂರು ಸೆಮಿಸ್ಟರು ಬಾಕಿ.
ಕಂಪ್ಯೂಟರು ಅವನನ್ನು "ಬಿಟ್ಟವರು" ಪಟ್ಟಿಗೆ ಸೇರಿಸಿದೆ.
ನಾನು ಸೇರಿಸಿಲ್ಲ.

ಪ್ರತಿ ಆಗಸ್ಟು, ಸೇಬು ಕೆಂಪೇರುವ ಮೊದಲು,
ಫೋನು ಮಾಡುತ್ತೇನೆ. ಎತ್ತುತ್ತಾನೆ.
ಬಿಸಿಲು, ಅಪ್ಪನ ಸೊಂಟ, ಒಂದಷ್ಟು ಮೌನ.
"ಬರುವ ವರ್ಷ ನೋಡೋಣ" ಅನ್ನುತ್ತಾನೆ.
ಐದು ಸಲ ಅಂದಿದ್ದಾನೆ.

ನಂಬರು ಒಳರಟ್ಟಿನ ಮೇಲಿದೆ, ಪೆನ್ಸಿಲಿನಲ್ಲಿ;
ಮಾಸುವ ಮುಂಚೆ ಶಾಯಿಯಲ್ಲಿ ತಿದ್ದಿಕೋ.
ನಿನ್ನ ಹೆಸರು ಹೇಳಿದ್ದೇನೆ.
ರಾತ್ರಿ ಎಂಟರ ಮೇಲೆ ಮಾಡು.
ಅದಕ್ಕೂ ಮೊದಲು ಅವನ ಕೈ ಖಾಲಿ ಇರುವುದಿಲ್ಲ.