ಹಳದಿಗೆ ಎಷ್ಟು ಅಂಕ

ಮಾಗಡಿ ರಸ್ತೆ. ಜೆರಾಕ್ಸ್ ಅಂಗಡಿಯ ನೆತ್ತಿಯ ಮೇಲೆ
ನಮ್ಮ ತರಗತಿ. ಹದಿನಾಲ್ಕು ಕಂಪ್ಯೂಟರು,
ಹನ್ನೊಂದು ಪೆನ್ನು, ಒಂದು ಮುದಿ ಪ್ರೊಜೆಕ್ಟರು.
ಅದಕ್ಕೆ ಯಾವ ಕೆಂಪು ಉಣಿಸಿದರೂ
ಗೋಡೆಗೆ ಉಗುಳುವುದು ಹಳೇ ಇಟ್ಟಿಗೆಯನ್ನೇ.

ಹಾಗಾಗಿ ಕೆಂಪನ್ನು ಬಾಯಲ್ಲೇ ಹೇಳುತ್ತೇನೆ:
ಬ್ಯಾಡಗಿ ಮೆಣಸಿನಕಾಯಿ, ಬಿಸಿಲಿಗೆ ಹರವಿದ ಮೂರನೇ ದಿನ.
ಊಹೂಂ, ಅಷ್ಟು ಒಣಗಬಾರದು. ಎರಡನೇ ದಿನ.
ಮಕ್ಕಳು ಸ್ಲೈಡರ್ ಎಳೆಯುತ್ತಾರೆ,
ಸರಿಯಾಗಿ ಎರಡನೇ ದಿನದ ಸಂಜೆಗೆ ನಿಲ್ಲಿಸುತ್ತಾರೆ.

ಬಣ್ಣದ ಚಕ್ರದಲ್ಲಿ ಅಕ್ಕಪಕ್ಕ ಕೂತವು ಪಿಸುಗುಟ್ಟುತ್ತವೆ,
ಎದುರುಬದುರು ಕೂತವು ಜಗಳ ಕಾಯುತ್ತವೆ, ಅಂದೆ.
ಕೆಂಪಾಪುರ ಅಗ್ರಹಾರದ ಮಗ್ಗದ ಮನೆಯ ಏಕಾಂಬರ
ತಲೆಯಾಡಿಸಿದ: "ಜಗಳ ಅಲ್ಲ ಮಿಸ್, ಅಂಚು.
ಒಡಲು ಗಿಳಿಹಸಿರು ಇದ್ರೆ ಅಂಚಿಗೆ ಅರಗಿನ ಕೆಂಪು ಬೇಕೇ ಬೇಕು.
ಇಲ್ದಿದ್ರೆ ಹಸಿರಿಗೆ ತಾನೆಲ್ಲಿ ಮುಗೀತೀನಿ ಅಂತ
ಗೊತ್ತಾಗಲ್ಲ."
ನನ್ನ ಟಿಪ್ಪಣಿಯಲ್ಲಿ ಇದಿರಲಿಲ್ಲ. ಬರೆದುಕೊಂಡೆ.

ಆಮೇಲೆ ಮನೆಗೆಲಸ ಕೊಟ್ಟೆ: ದುಃಖ. ಐದು ಬಣ್ಣ ಮೀರಬಾರದು.

ಸೋಮವಾರ ಹದಿಮೂರು ನೀಲಿ ಬಂದವು.
ಕಿಟಕಿ ನೀಲಿ, ಕೆರೆ ನೀಲಿ, ಬೆನ್ನು ತಿರುಗಿಸಿ ಕೂತ ಹುಡುಗಿ ನೀಲಿ,
ಒಬ್ಬನ ನಾಯಿ ಕೂಡ ನೀಲಿ.
ತಪ್ಪು ಅವರದ್ದಲ್ಲ. ನೀಲಿ ತಣ್ಣಗೆ, ಹಳದಿ ನಗು ಎಂದು
ಬೋರ್ಡಿನ ಮೇಲೆ ಅಡಿಗೆರೆ ಎಳೆದವಳು ನಾನೇ.

ಹದಿನಾಲ್ಕನೆಯದು ಸಲೋಮಿಯದು.
ಮೇಲಿಂದ ಕೆಳಗೆ ಹಳದಿ.
ಅರಿಶಿನದ್ದಲ್ಲ, ಚೆಂಡುಹೂವಿನದ್ದಲ್ಲ,
ಕಣ್ಣಿಗೆ ಬಂದು ಗುದ್ದುವ ಹಳದಿ.
ಎಡಮೂಲೆಯಲ್ಲಿ ಅಂಗೈಯಗಲ ಗುಲಾಬಿ, ಅಂಚು ಹರಿದಂತೆ.

'ಬೆಚ್ಚನೆಯ ಬಣ್ಣ, ವಿಷಯಕ್ಕೆ ಹೊಂದುವುದಿಲ್ಲ.'
ಹತ್ತಕ್ಕೆ ನಾಲ್ಕು.
ಬರೆದಾದ ಮೇಲೆ ಕೇಳಿದೆ. (ಮೊದಲೇ ಕೇಳಬೇಕಿತ್ತು.)
"ಯಾಕಮ್ಮಾ ಹಳದಿ?"

"ಜೆಸಿಬಿ, ಮಿಸ್."

ಜೆರಾಕ್ಸ್ ಯಂತ್ರದ ಸದ್ದು ಕೆಳಗಿನಿಂದ ಬರುತ್ತಿತ್ತು.

"ರಾಜಕಾಲುವೆ ಪಕ್ಕ ಇತ್ತಲ್ಲ ನಮ್ಮನೆ. ಗುಲಾಬಿ ಒಳಗಿನ ಗೋಡೆ.
ಅಮ್ಮ ಆರಿಸಿದ್ದು. ಹೊರಗಿನೋರು ಯಾರೂ ನೋಡಿರ್ಲಿಲ್ಲ.
ಅವತ್ತು ಬೀದಿಗೆ ಬೀದಿಯೇ ನೋಡ್ತು.
ಬಿಸಿಲು ಬಿದ್ದು ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ
ಮಿಸ್, ಅದೇ..."
ಅದೇ ಎಂದು ನಿಂತಳು.

ಅಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ ಮೂರು ಸಲ ಕೂಗಿ ಸುಮ್ಮನಾಯಿತು.
ಕತ್ತಲಲ್ಲಿ ನನ್ನ ಕಣ್ಣೊಳಗೆ, ಹಳದಿ ಇದ್ದಷ್ಟೇ ಅಗಲಕ್ಕೆ,
ಒಂದು ನೀಲಿ ತೇಲಿತು.
ಎದುರು ಬಣ್ಣ. ಚಕ್ರದ ಪಾಠ. ವರ್ಷಕ್ಕೆರಡು ಸಲ ನಾನೇ ಹೇಳುವುದು.
ರೆಪ್ಪೆ ಬಡಿದರೂ ಹೋಗಲಿಲ್ಲ.

ಕರೆಂಟು ಬಂತು. ನಾಲ್ಕನ್ನು ಹೊಡೆದುಹಾಕಿದೆ.
ಆ ಜಾಗದಲ್ಲಿ ಏನು ಬರೆಯಬೇಕೋ
ಇವತ್ತಿಗೂ ಬರೆದಿಲ್ಲ.

ಸಲೋಮಿ ಆಗಲೇ ಮತ್ತೆ ಸ್ಲೈಡರ್ ಹಿಡಿದಿದ್ದಳು,
ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ.
"ಹಳದಿ ಸುಲಭ ಮಿಸ್, ಎಲ್ಲಾ ಕಡೆ ನಿಂತಿರತ್ತೆ.
ಈ ಗುಲಾಬೀನೇ ಸರಿಯಾಗಿ ಬರ್ತಿಲ್ಲ.
ಶೇಡ್ ಕಾರ್ಡ್ ಇಟ್ಕೊಂಡಿದ್ವಿ, ನಂಬರಿಗೆ ಗುರುತು ಹಾಕಿ,
ಅದೇ ಗೋಡೆಯ ಗೂಡಲ್ಲಿ."