ಎದುರುಗಾಳಿಯ ಅಳತೆ

ಉತ್ತಯ್ಯನವರು ಸೈಕಲ್ಲನ್ನು ಕಾರಿನಲ್ಲಿ ತಂದರು,
ಎಳೆಗೂಸಿನ ಹಾಗೆ, ಶಾಲು ಹೊದಿಸಿ.
ಐದೂವರೆ ಲಕ್ಷ.
ಒಂದು ತಂತಿಯೂ ಹೊರಗೆ ಕಾಣದು; ಕೊಳವೆಗಳಿಗೆಲ್ಲ
ಇನ್ನೇನು ಜಾರಲಿರುವ ಹನಿಯ ಆಕಾರ.
'ಆದರೂ ಹೆಸರಘಟ್ಟ ರಸ್ತೆಯಲ್ಲಿ
ಮೂವತ್ತೊಂದು ದಾಟುತ್ತಿಲ್ಲ ಮೇಡಂ,
ಚಕ್ರ ಬದಲಾಯಿಸಲಾ?'

ಕಬ್ಬನ್‌ಪೇಟೆಯ ಮಹಡಿ ಮೇಲಿನ ಈ ಕೋಣೆ
ಮೊದಲು ಅಪ್ಪನ ಟೈಲರಿಂಗ್ ಅಂಗಡಿ.
ಬೋರ್ಡು ಬದಲಾಗಿದೆ, ಟೇಪು ಬದಲಾಗಿಲ್ಲ.
ನಾಲ್ಕರವರೆಗಿನ ಅಂಕಿಗಳು ಅಳಿಸಿಹೋಗಿವೆ,
ಐದಕ್ಕೆ ಹಿಡಿದು, ಐದು ಕಳೆಯುತ್ತೇನೆ.

ಸ್ಟ್ಯಾಂಡಿಗೆ ಬಿಗಿದು, ಅವರನ್ನು ಹತ್ತಿಸಿ,
ಎದುರಿಗೆ ಬಲ್ಬು ಹಿಡಿದೆ. ಹಿಂದಿನ ಗೋಡೆಯಲ್ಲಿ
ಸೈಕಲ್ಲಿನ ನೆರಳು ಒಂದು ಗೀಟು,
ಉತ್ತಯ್ಯನವರದು ಬೀರು.
'ನೋಡಿ ಸರ್, ಗಾಳಿಗೆ ಕಾಣುವುದು ಇಷ್ಟೇ.
ಅದಕ್ಕೆ ಬೆಲೆಪಟ್ಟಿ ಓದಲು ಬರುವುದಿಲ್ಲ.'

ಭಾನುವಾರ, ಬೆಳಗಿನ ಆರು. ಕೆರೆಯಾಚೆಯ ಇಳಿಜಾರು.
ಆಷಾಢದ ಗಾಳಿ ಪಡುವಣದಿಂದ ಬಂದು
ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಚುತ್ತಿತ್ತು.
ತುಳಿಯಬಾರದು; ಸುಮ್ಮನೆ ಉರುಳಬೇಕು,
ನಿಂತಲ್ಲಿ ಸುಣ್ಣದ ಗೆರೆ.
ನೆಟ್ಟಗೆ ಕೂತಾಗ ಹುಣಸೆಮರದ ಬುಡ.
ಮೊಣಕೈ ಮಡಚಿ, ಗದ್ದ ತಗ್ಗಿಸಿ,
ಭುಜಗಳನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡಾಗ
ಮರ ದಾಟಿ, ಮೋರಿ ದಾಟಿ, ಹಾಲಿನ ಡೈರಿಯ ಫಲಕ.
ಆಮೇಲೆ ನನ್ನ ಸೈಕಲ್ಲು ಕೊಟ್ಟೆ. ಹಳೆಯ ಉಕ್ಕು,
ದುಂಡು ಕೊಳವೆ, ಹೊರಗೆ ಜೋತುಬಿದ್ದ ತಂತಿ.
ಅದೇ ಭಂಗಿ. ಫಲಕಕ್ಕಿಂತ ಆರು ಹೆಜ್ಜೆ ಹಿಂದೆ.
ಆ ಆರು ಹೆಜ್ಜೆಯನ್ನು ಉತ್ತಯ್ಯನವರು
ಎರಡು ಸಲ ನಡೆದು ಎಣಿಸಿದರು.
ಏನನ್ನೋ ಭಾಗಿಸುತ್ತಿದ್ದ ಮುಖ.

'ಹಾಗಾದರೆ ಇನ್ನೂ ತಗ್ಗಿಸಿ. ಇನ್ನೂ.'
ಹ್ಯಾಂಡಲಿನ ಕೆಳಗಿನ ಉಂಗುರಗಳನ್ನೆಲ್ಲ ತೆಗೆದೆ.
ನಾಲ್ಕು ನಿಮಿಷ ಚಿರತೆ.
ಐದನೆಯದಕ್ಕೆ ಕತ್ತು ಹಿಡಿಯಿತು, ತೊಡೆ ಹೊಟ್ಟೆಗೆ ಗುದ್ದಿತು,
ಉಸಿರು ಅರ್ಧ ದಾರಿಯಿಂದಲೇ ವಾಪಸ್ಸು.
ಇರಲಾಗದ ಭಂಗಿ ಭಂಗಿಯಲ್ಲ,
ಫೋಟೋ.

ಅಪ್ಪನ ವಿಷಯ ಅವರಿಗೆ ಹೇಳಲಿಲ್ಲ.
ಪಾಂಡುರಂಗ ಬಗಾಡೆ. ನಲವತ್ತಾರು ವರ್ಷ
ಮೆಷಿನ್ನಿನ ಮೇಲೆ ಬಗ್ಗಿ, ಎರಡೂ ಪಾದದಲ್ಲಿ ತುಳಿದವನು.
ಮೊಣಕೈ ಒಳಗೆ, ಗದ್ದ ಎದೆಗೆ, ಬೆನ್ನು ಕಮಾನು:
ಲಕ್ಷ ಕೊಟ್ಟವರಿಗೂ ನಾನು ಕಲಿಸಲಾಗದ ಭಂಗಿ.
ಅಷ್ಟು ತುಳಿದೂ ಈ ಕಿಟಕಿ ಬಿಟ್ಟು
ಒಂದಡಿ ಮುಂದೆ ಹೋಗಲಿಲ್ಲ.
ಎದುರುಗಾಳಿ ಅಂದರೆ ಟೇಬಲ್ ಫ್ಯಾನು,
ಅದೂ ಗಿರಾಕಿ ಬಂದರೆ ಅವರ ಕಡೆಗೆ ತಿರುಗುತ್ತಿತ್ತು.
ಕೊನೆಗೆ ಮಲಗಿಸಿದಾಗಲೂ ಬೆನ್ನು ನೆಲಕ್ಕೆ ತಾಗಲಿಲ್ಲ;
ಚಟ್ಟ ಕಟ್ಟುವವರು
ಒಂದು ದಿಂಬು ಕೇಳಿದರು.

ಒಂದು ಉಂಗುರ ವಾಪಸ್ಸು ಹಾಕಿದೆ.
ಸ್ವಲ್ಪ ಯೋಚಿಸಿ, ಇನ್ನೊಂದು.
'ಹೀಗಾದರೆ ನಿಧಾನವಾಗಲ್ಲವಾ?'
'ಮೊದಲ ಐದು ನಿಮಿಷ ಆಗುತ್ತೀರಿ' ಅಂದೆ.
ಟೇಪನ್ನು ಅವರ ಬೆನ್ನಿನುದ್ದಕ್ಕೂ ಇಳಿಬಿಟ್ಟೆ,
ಐದಕ್ಕೆ ಹಿಡಿದು.
ಯಾರ ಬೆವರಿಗೋ, ಆರೂ
ಮಾಸತೊಡಗಿತ್ತು.